ವಾಡಿಯ ಭೋಂಗಾ ಅವರು ಶಹಾಬಾದಿಗೆ ಬಾರದೇ ಇದ್ದುದರ ಕುರಿತು

ವಾಡಿ,
12 ಜನವರಿ 1999

ಇವರಿಗೆ,
ಭೋಂಗಾ ಅವರು,
ಸಿಮೆಂಟ್ ಕಾರ್ಖಾನೆಯ ದೊಡ್ಡ ಗೇಟಿನ ಮೇಲೆ,
ವಾಡಿ.

ಮಾನ್ಯರೇ,

ದಿನಕ್ಕೆ ಆರು ಸಲ ತಾವು ಇಡೀ ಊರನ್ನು ಕೂಗಿ ಮಾತನಾಡಿಸುತ್ತೀರಿ, ಆದರೆ ಇಷ್ಟು ವರ್ಷಗಳಲ್ಲಿ ಊರಿನವರು ಒಬ್ಬರಾದರೂ ತಿರುಗಿ ತಮಗೊಂದು ನಮಸ್ಕಾರ ಹೇಳಿದ್ದನ್ನು ನಾನು ಕಂಡಿಲ್ಲ. ಹಾಗಾಗಿ ಮೊದಲು ಊರಿನ ಪರವಾಗಿ ಆ ನಮಸ್ಕಾರ ಹೇಳಿ, ತಮ್ಮ ಗಂಟಲಿಗೆ ದೇವರು ಆರೋಗ್ಯ ಕೊಡಲೆಂದು ಬೇಡಿ, ಆಮೇಲೆ ನನ್ನ ದೂರಿಗೆ ಬರುತ್ತೇನೆ. ಕಾಗದಪತ್ರಗಳಲ್ಲಿ ತಮ್ಮನ್ನು ಸೈರನ್ ಎಂದು ಬರೆಯುತ್ತಾರಂತೆ. ಊರಿನ ಬಾಯಲ್ಲಿ ತಾವು ಭೋಂಗಾ. ನಾನು ಮನೆಯ ಹೆಸರನ್ನೇ ಬಳಸಿದ್ದೇನೆ, ಮನ್ನಿಸಬೇಕು.

ನನ್ನ ಪರಿಚಯ ತಮಗೆ ಇರಲಾರದು, ತಮ್ಮ ಪರಿಚಯ ನನಗೆ ಮೂವತ್ತೊಂದು ವರ್ಷಗಳಿಂದ ಇದೆ. ಚಿಮ್ಮನಚೋಡದಿಂದ ಮದುವೆಯಾಗಿ ಬಂದ ಮರುದಿನ ಬೆಳಿಗ್ಗೆ ಆರಕ್ಕೆ ತಾವು ಕೂಗಿದಾಗ, ಲೋಕದ ಅಂತ್ಯವೇ ಬಂತೆಂದು ತಿಳಿದು ನಾನು ಹಾಸಿಗೆಯ ಮೇಲೆಯೇ ಮೊಣಕಾಲೂರಿ ನನ್ನ ಪಾಪಗಳನ್ನು ಒಂದೊಂದಾಗಿ ಒಪ್ಪಿಕೊಳ್ಳಲು ಶುರುಮಾಡಿದ್ದೆ. ಮೂರನೆಯ ಪಾಪಕ್ಕೆ ಬರುವಷ್ಟರಲ್ಲಿ ನನ್ನ ಯಜಮಾನರು ಮಗ್ಗುಲು ಬದಲಿಸಿ, "ಏಳು, ಬುತ್ತಿ ಕಟ್ಟು. ಅದು ಭೋಂಗಾ ಅದ," ಎಂದರು. ಆ ಮೂರು ಪಾಪಗಳು ಅವರ ಕಿವಿಗೆ ಬಿದ್ದವೋ ಇಲ್ಲವೋ ಇಂದಿಗೂ ಗೊತ್ತಿಲ್ಲ. ಅವರು ಹೇಳುವುದಿಲ್ಲ, ನಾನು ಕೇಳುವುದಿಲ್ಲ. ಇದು ತಮ್ಮ ಮೇಲಿನ ಮೊದಲ ದೂರಾದರೂ ಹಳೆಯದಾದ್ದರಿಂದ ಇಲ್ಲಿಗೇ ಬಿಡುತ್ತೇನೆ.

ನಾಲ್ಕು ವರ್ಷಗಳ ಹಿಂದೆ ನಮ್ಮ ಕ್ರೈಸ್ತ ಸಭೆಯ ಮಕ್ಕಳಿಗೆ ಹಾಡು ಕಲಿಸುತ್ತಿದ್ದ ಟೀಚರಮ್ಮನಿಗೆ ಸೇಡಂಗೆ ವರ್ಗವಾಯಿತು. ಆಗ ನಮ್ಮ ಸಭಾಪಾಲಕರು ಮನೆಯ ತನಕ ಬಂದು, "ಸಾಬಮ್ಮ, ಇನ್ನ ಮಕ್ಕಳ ಹಾಡು ನೀವೇ ನೋಡ್ಕೋರಿ. ನೀವು ಕಣ್ಣು ಬಿಟ್ರ ಸಾಕು, ಅವು ಸುಮ್ನ ಕುಂದ್ರತಾವ," ಎಂದರು. ಮಕ್ಕಳನ್ನು ಸುಮ್ಮನೆ ಕೂರಿಸುವುದು ಬೇರೆ, ಹಾಡಿಸುವುದು ಬೇರೆ ಎಂದು ಆಗ ಇಬ್ಬರಿಗೂ ಹೊಳೆಯಲಿಲ್ಲ. ನಾನು ಓದಿದ್ದು ಊರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ. ಸಂಗೀತ ಎಂಬುದೊಂದು ಇದೆ ಎಂಬುದಷ್ಟೇ ಸಂಗೀತದ ಬಗ್ಗೆ ನನಗೆ ಗೊತ್ತಿದ್ದದ್ದು. ಗಂಟಲು ಮಾತ್ರ ಗಟ್ಟಿಯಾಗಿತ್ತು. ಹುಡುಗಿಯಾಗಿದ್ದಾಗ ಜೋಳದ ಹೊಲದಲ್ಲಿ ಅಟ್ಟದ ಮೇಲೆ ನಿಂತು ಹಕ್ಕಿ ಓಡಿಸಿದ ಗಂಟಲು ಅದು.

ಹದಿನೆಂಟು ಮಕ್ಕಳು. ಹಾಡಿನ ಮಾತುಗಳನ್ನು ಮೂರು ದಿನದಲ್ಲಿ ಬಾಯಿಪಾಠ ಮಾಡಿದರು. ಧಾಟಿಯೂ ಬಂತು. ಬಾರದೇ ಇದ್ದದ್ದು ಒಂದೇ, ಎಲ್ಲಿಂದ ಎತ್ತಬೇಕು ಎನ್ನುವುದು. ಹಿಂದಿನವರ ಕಾಲದ ಹಾರ್ಮೋನಿಯಂ ಪೆಟ್ಟಿಗೆಯ ತಿದಿಯಲ್ಲಿ ಇಲಿಗಳು ಸಂಸಾರ ಹೂಡಿದ್ದವು, ಕೀಲಿ ಒತ್ತಿದರೆ ಅವೇ ಉತ್ತರ ಕೊಡುತ್ತಿದ್ದವು. ಆದ್ದರಿಂದ ನಾನು ಬಾಯಿಂದಲೇ ಎತ್ತಿಕೊಟ್ಟೆ. ಒಂದು ಭಾನುವಾರ ಎಷ್ಟು ಮೇಲಿಂದ ಎತ್ತಿದೆನೆಂದರೆ ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ಮಕ್ಕಳ ಕೊರಳ ನರ ಉಬ್ಬಿ, ಮುಂದಿನ ಬೆಂಚಿನ ತಾಯಂದಿರು ನೀರಿನ ಲೋಟ ಹಿಡಿದು ಎದ್ದು ನಿಂತರು. ಅದನ್ನು ಸರಿಪಡಿಸಲು ಮುಂದಿನ ಭಾನುವಾರ ಕೆಳಗಿನಿಂದ ಎತ್ತಿದರೆ, ದೇವರನ್ನು ಸ್ತುತಿಸುವ ಬದಲು ಹದಿನೆಂಟು ಮಂದಿ ದೇವರ ಮೇಲೆ ಗೊಣಗುತ್ತಿರುವಂತೆ ಕೇಳಿಸಿತು.

ಮಾನ್ಯರೇ, ಇಲ್ಲಿ ತಮ್ಮ ಪ್ರವೇಶವಾಗುತ್ತದೆ. ಒಂದು ಶನಿವಾರ ಸಂಜೆ ಐದಕ್ಕೆ, ಅಭ್ಯಾಸದ ನಡುವೆ ತಾವು ಕೂಗಿದಿರಿ. ಮಕ್ಕಳೂ ಚೇಷ್ಟೆಗೆ ತಮ್ಮ ಜೊತೆ "ಊಂ" ಎಂದರು. ಬೈಯಲು ಬಾಯಿ ತೆರೆದವಳು ಹಾಗೆಯೇ ನಿಂತೆ. ತಾವು ಕೆಳಗಿನಿಂದ ಏರಿ ಬಂದು, ಒಂದು ಕಡೆ ಗಟ್ಟಿಯಾಗಿ ನಿಂತು, ಮತ್ತೆ ಇಳಿದು ಹೋಗುತ್ತೀರಲ್ಲ, ಆ ನಿಂತ ಜಾಗದಲ್ಲಿ ಹದಿನೆಂಟೂ ಮಕ್ಕಳು ಒಂದಾಗಿ, ಯಾರ ನರವೂ ಉಬ್ಬದೆ, ನೀರು ತುಂಬಿದ ಕೊಡದಂತೆ ನಿಂತಿದ್ದರು. ಅಲ್ಲಿಂದಲೇ ಹಾಡು ಎತ್ತಿಸಿದೆ. ಮೇಲೂ ಆಗಲಿಲ್ಲ, ಕೆಳಗೂ ಆಗಲಿಲ್ಲ. ದೇವರಿಗೆ ಸ್ತೋತ್ರ ಹೇಳಿದೆ. ತಮಗೂ ಹೇಳಬೇಕಿತ್ತು, ಅಂದು ಮರೆತೆ.

ಅಂದಿನಿಂದ ನಮ್ಮ ಮಕ್ಕಳ ಗಾನವೃಂದದ ಸಂಗೀತ ಗುರುಗಳು ತಾವೇ. ಭಾನುವಾರದ ಆರಾಧನೆ ಎಂಟಕ್ಕೆ ಸರಿಯಾಗಿ ಮಕ್ಕಳ ಹಾಡಿನಿಂದ ಶುರುವಾಗಬೇಕೆಂದು ಹಟ ಹಿಡಿದು ಒಪ್ಪಿಸಿದೆ. ತಾವು ಎಂಟಕ್ಕೆ ಕೂಗುತ್ತಿದ್ದಿರಿ, ನಿಂತ ಜಾಗದಲ್ಲಿ ಮಕ್ಕಳು ಹಿಡಿಯುತ್ತಿದ್ದರು, ತಾವು ಇಳಿದು ಹೋಗುತ್ತಿದ್ದಿರಿ, ನಾವು ಹಾಡುತ್ತಿದ್ದೆವು. ಸಭೆಯವರು ಇದನ್ನು ಸಮಯಪಾಲನೆ ಎಂದು ತಿಳಿದು ಮೆಚ್ಚಿಕೊಂಡರು. ಸಭಾಪಾಲಕರಂತೂ ಪ್ರಸಂಗದಲ್ಲೇ, "ಸಾಬಮ್ಮನ ಮಕ್ಕಳನ್ನು ನೋಡಿ ಕಲೀರಿ," ಎಂದು ತಡವಾಗಿ ಬರುವವರನ್ನು ಬೈದರು. ನಾನು ತಲೆ ತಗ್ಗಿಸಿ ಕೂತೆ, ಅದನ್ನು ನಮ್ರತೆ ಎಂದು ತಿಳಿದರು. ಈ ಗುಟ್ಟು ನನಗೆ, ಮಕ್ಕಳಿಗೆ ಮತ್ತು ದೇವರಿಗೆ ಮಾತ್ರ ಗೊತ್ತಿತ್ತು.

ತಮ್ಮಂಥ ಗುರುಗಳು ಸಿಗುವುದು ಅಪರೂಪ. ಚಹಾ ಕೇಳುವುದಿಲ್ಲ, ಜಂಬ ಮಾಡುವುದಿಲ್ಲ, ನಡುವೆ ನಿಲ್ಲಿಸಿ ತಮ್ಮ ಗುರುಗಳ ಕಥೆ ಹೇಳುವುದಿಲ್ಲ. ದೋಷವೆಂದರೆ ಹೇಳಿದ್ದನ್ನು ಇನ್ನೊಮ್ಮೆ ಹೇಳುವುದಿಲ್ಲ. ಶನಿವಾರ ಐದಕ್ಕೆ ಹಿಡಿದ ಸ್ವರವನ್ನು ಐದೂವರೆಯವರೆಗೆ ಮಕ್ಕಳು ಬಾಯಲ್ಲೇ ಕಾಯ್ದುಕೊಳ್ಳಬೇಕಿತ್ತು, ನೀರು ಕುಡಿಯಲು ಬಿಟ್ಟೆನೋ ಸ್ವರವೂ ನೀರಿನ ಜೊತೆ ಹೊಟ್ಟೆಗೆ ಹೋಯಿತು. ಒಮ್ಮೆ ಎಲ್ಲರೂ ಒಂದು ಗಳಿಗೆ ತಡಮಾಡಿ, ತಾವು ಇಳಿಯುವಾಗ ತಮ್ಮ ಬಾಲ ಹಿಡಿದುಬಿಟ್ಟರು. ಹಾಡು ಆರಂಭದಿಂದ ಕೊನೆಯವರೆಗೆ ಜಾರುಬಂಡೆಯ ಮೇಲಿನಂತೆ ಇಳಿಯುತ್ತಲೇ ಹೋಗಿ, "ಆಮೆನ್" ಎನ್ನುವಷ್ಟರಲ್ಲಿ ನೆಲ ಮುಟ್ಟಿತು. ಆ ಸ್ವರವನ್ನು ನೀವೇ ನೆನಪಿಟ್ಟುಕೊಳ್ಳಬಹುದಿತ್ತಲ್ಲ ಎಂದು ತಾವು ಕೇಳಬಹುದು. ಪ್ರಯತ್ನಿಸಿದೆ. ನನ್ನ ನೆನಪಿನಲ್ಲಿ ತಮ್ಮ ಧ್ವನಿ ಒಂದು ದಿನ ಕೋಣನದಾಗಿರುತ್ತಿತ್ತು, ಇನ್ನೊಂದು ದಿನ ಪೀಪಿಯದು.

ಈಗ ಹೋದ ವರ್ಷದ ಡಿಸೆಂಬರಿಗೆ ಬರುತ್ತೇನೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಈ ಐದೂ ಊರಿನ ಸಭೆಗಳ ಮಕ್ಕಳಿಗೆ ಹನ್ನೆರಡನೆಯ ತಾರೀಖು ಶಹಾಬಾದಿನಲ್ಲಿ ಕ್ರಿಸ್ತಜಯಂತಿಯ ಹಾಡಿನ ಸ್ಪರ್ಧೆ ಎಂದು ಚೀಟಿ ಬಂತು. ನಮ್ಮ ಸಭೆಯ ಕಾರ್ಯದರ್ಶಿಗಳು ಜಗದೇವಪ್ಪನವರು. ಮನೆಯಲ್ಲಿ ಟೇಪ್‌ರೆಕಾರ್ಡರ್ ಇರುವುದರಿಂದ ಸಂಗೀತ ಬಲ್ಲವರೆಂದು ಹೆಸರಾದವರು. ಅವರು ಕಮಿಟಿಯಲ್ಲಿ ಎಲ್ಲರೆದುರು, "ಸಾಬಮ್ಮ, ದೇವರ ಮುಂದ ಹಾಡೋದಂದ್ರ ಹೊಲದಾಗ ಹಕ್ಕಿ ಹೊಡಿಯೋದಲ್ಲ," ಎಂದರು. "ಹಕ್ಕಿ ಹೊಡದ ಗಂಟಲು ಅಂತೇ ಹಿಂದಿನ ಬೆಂಚಿನಾಗ ನಿದ್ದಿ ಮಾಡಾವ್ರಿಗೂ ಕೇಳಸ್ತದರಿ," ಎಂದೆ. ಹಿಂದಿನ ಬೆಂಚು ಅವರದು. ಅದರಿಂದ ಕೆಲಸ ಕೆಟ್ಟಿತು. ಶಹಾಬಾದಿನಲ್ಲಿ ಬಹುಮಾನ ಬಂದರೆ ಸರಿ, ಬಾರದಿದ್ದರೆ ಹೊಸ ವರ್ಷದಿಂದ ಗುಲಬರ್ಗಾದ ಕೀಬೋರ್ಡ್ ಮಾಸ್ತರರು ಬರುತ್ತಾರೆ, ಸ್ವರ ಇದ್ದ ಎಂಟು ಮಕ್ಕಳನ್ನು ಇಟ್ಟುಕೊಂಡು ಉಳಿದ ಹತ್ತು ಮಕ್ಕಳನ್ನು ಬಿಡುತ್ತಾರೆ ಎಂದು ಠರಾವು ಮಾಡಿ, ಹಾಜರಿ ಪುಸ್ತಕ ತರಿಸಿ, ಬಿಡಬೇಕಾದ ಹೆಸರುಗಳಿಗೆ ಅಲ್ಲೇ ಪೆನ್ಸಿಲಿನಿಂದ ಗೆರೆ ಎಳೆದರು.

ಮೊದಲ ಗೆರೆ ಬಿದ್ದದ್ದು ಸುವಾರ್ತಾಳ ಹೆಸರಿಗೆ. ಒಂಬತ್ತು ವರ್ಷದ ಹುಡುಗಿ, ತಂದೆ ರೈಲ್ವೆ ಗ್ಯಾಂಗಿನಲ್ಲಿ ಕೆಲಸ ಮಾಡುತ್ತಾನೆ, ಮನೆ ತಮ್ಮ ಕಾರ್ಖಾನೆಯ ಗೋಡೆಗೆ ಬೆನ್ನು ಕೊಟ್ಟು ನಿಂತಿದೆ. ತಾವು ಕೂಗಿದಾಗ ಅವರ ಅಡುಗೆಮನೆಯ ಡಬ್ಬಿಗಳೆಲ್ಲ ಗಲಗಲ ಎನ್ನುತ್ತವೆ. ನಿಜ ಹೇಳುತ್ತೇನೆ, ಆ ಹುಡುಗಿಗೆ ಇರುವುದು ಒಂದೇ ಸ್ವರ. ಹಾಡು ಏರಲಿ, ಇಳಿಯಲಿ, ಅವಳು ಬಸ್ಸು ತಪ್ಪಿದವರಂತೆ ನಿಂತಲ್ಲೇ ನಿಂತಿರುತ್ತಾಳೆ. ಆದರೆ ನಾಲ್ಕು ವರ್ಷಗಳಲ್ಲಿ ಒಂದು ಶನಿವಾರವೂ ತಪ್ಪಿಸಿದವಳಲ್ಲ. ಜಗದೇವಪ್ಪನವರು ಅವಳನ್ನು ಕರೆದು, "ಶಹಾಬಾದಿನಾಗ ನೀ ಬಾಯಿ ತೆರದು ಸುಮ್ನ ನಿಂದ್ರು, ದನಿ ತೆಗೀಬ್ಯಾಡ," ಎಂದು ಹೇಳಿಬಿಟ್ಟರು. ಅವಳು ನನ್ನ ಹತ್ತಿರ ಬಂದು, "ಅಕ್ಕೋರ, ದನಿ ತೆಗೀದಿದ್ರೂ ಬಿಳಿ ಫ್ರಾಕ್ ಹಾಕ್ಕೋಬಹುದಲ್ರಿ? ಇಮಾಮ್ಬೀ ಆಯಿ ಹೊಲದಾಳ್ರಿ," ಎಂದು ಕೇಳಿದಳು. ಹದಿನೆಂಟು ಬಿಳಿ ಬಟ್ಟೆಗಳನ್ನು ಹೊಲಿದುಕೊಟ್ಟವರು ನಮ್ಮ ಓಣಿಯ ಇಮಾಮ್ಬೀ. ಹಾಕಿಕೊ ಎಂದೆ.

ತಮ್ಮನ್ನು ಬಿಟ್ಟು ಹಾಡುವುದು ಹೇಗೆ ಎಂಬುದೇ ನನ್ನ ಚಿಂತೆ. ಇಪ್ಪತ್ತು ವರ್ಷದ ಹಿಂದೆ ಒಂದು ಮದುವೆಗೆ ಹೋದಾಗ ಶಹಾಬಾದಿನ ಒಂದು ಕಾರ್ಖಾನೆಯಲ್ಲೂ ಐದಕ್ಕೆ ಭೋಂಗಾ ಆಗುವುದನ್ನು ಕೇಳಿದ್ದೆ. ಭೋಂಗಾ ಎಂದರೆ ಎಲ್ಲ ಊರಲ್ಲೂ ಒಂದೇ ಎಂದು ನಂಬಿದ್ದೆ, ಗಡಿಯಾರದ ಐದು ಎಲ್ಲ ಊರಲ್ಲೂ ಐದೇ ಅಲ್ಲವೇ. ಆದರೂ ಖಾತ್ರಿ ಮಾಡಿಕೊಳ್ಳಲು, ಇಪ್ಪತ್ತಾರು ವರ್ಷಗಳಿಂದ ತಮ್ಮ ಹಿಡಿ ಎಳೆಯುತ್ತಿರುವ ಗೇಟಿನ ಮಜೀದಸಾಬರನ್ನು ಕೇಳಿದೆ. ಅವರು ಎದೆ ತಟ್ಟಿ, "ಅಕ್ಕಾ, ಭೋಂಗಾ ಇದ್ದಲ್ಲಿ ಐದಕ್ಕ ಒದರೇ ಒದರ್ತದ. ಒದರದಿದ್ರ ನನ್ನ ಹೆಸರು ಮಜೀದಸಾಬ ಅಲ್ಲ," ಎಂದರು. ಅದನ್ನು ನಂಬಿ, ನಮಗೆ ಐದೂ ನಲವತ್ತರ ಪ್ಯಾಸೆಂಜರ್ ಹಿಡಿಯಬೇಕು, ಆದ್ದರಿಂದ ಐದಕ್ಕೆ ಸರಿಯಾಗಿ ನಮ್ಮ ಸರದಿ ಇಡಿ ಎಂದು ನಡೆಸುವವರಿಗೆ ಬರೆದೆ. ಅದು ಪೂರ್ತಿ ಸುಳ್ಳಲ್ಲ, ಆ ಹೊತ್ತಿಗೆ ಒಂದು ಗಾಡಿ ಇತ್ತು. ಆದರೆ ಚಿಂಚೋಳಿಯ ಮಕ್ಕಳು ನಮಗಿಂತ ನಾಲ್ಕು ಪಟ್ಟು ದೂರದವರು, ಅವರು ಸುಮ್ಮನಿದ್ದರು.

ಮಾನ್ಯರೇ, ಅಂದು ಶಹಾಬಾದಿನಲ್ಲಿ ಐದಕ್ಕೆ ಒಂದು ನಿಮಿಷ ಇರುವಾಗ ನನ್ನ ಮಕ್ಕಳು ಬಿಳಿ ಬಟ್ಟೆಯಲ್ಲಿ ಮೂರು ಸಾಲಾಗಿ ನಿಂತರು. ನಾನು ಕೈ ಎತ್ತಿದೆ. ಗೋಡೆಯ ಗಡಿಯಾರ ಐದು ಹೊಡೆಯಿತು. ನಾನು ಕಾದೆ. ಮಕ್ಕಳು ಕಾದರು. ಕಿಟಕಿಯಿಂದ ಒಂದು ಕಾಗೆ ಕೂಗಿದ್ದು ಕೇಳಿಸಿತು, ದೂರದಲ್ಲಿ ಕಲ್ಲು ಕೊಯ್ಯುವ ಮಷೀನಿನ ಸದ್ದು ಕೇಳಿಸಿತು, ಭೋಂಗಾ ಇಲ್ಲ. ನನ್ನ ಎತ್ತಿದ ಕೈ ಎತ್ತಿದಂತೆಯೇ ಇತ್ತು. ಸಭಿಕರು ಇದು ಮೌನ ಪ್ರಾರ್ಥನೆ ಎಂದು ತಿಳಿದು, ಮೊದಲು ಮುಂದಿನ ಸಾಲಿನವರು, ಆಮೇಲೆ ಎಲ್ಲರೂ ಎದ್ದು ನಿಂತು ತಲೆ ಬಾಗಿಸಿದರು. ತೀರ್ಪು ಕೊಡಲು ಗುಲಬರ್ಗಾದಿಂದ ಬಂದಿದ್ದ ಸಂಗೀತದ ಟೀಚರು ಕೂಡ ಕನ್ನಡಕ ತೆಗೆದು ಕಣ್ಣು ಮುಚ್ಚಿದರು. ಜಗದೇವಪ್ಪನವರು ಒಬ್ಬರೇ ಕಣ್ಣು ಬಿಟ್ಟು ನನ್ನನ್ನು ನೋಡುತ್ತಿದ್ದರು. ಪಕ್ಕದಲ್ಲಿ ನಿಂತಿದ್ದ ಆ ಊರಿನ ಹೆಂಗಸನ್ನು ಮೆಲ್ಲಗೆ, "ಇಲ್ಲಿ ಐದರ ಭೋಂಗಾ ಆಗಲ್ಲೇನ್ರಿ?" ಎಂದು ಕೇಳಿದೆ. "ಎಲ್ಲಿ ಭೋಂಗಾ ತಂಗಿ? ಕಾರ್ಖಾನಿ ಬಂದ್ ಆಗಿ ಎರಡು ವರ್ಷಾತು," ಎಂದರು ಆಕೆ, ಕಣ್ಣು ಮುಚ್ಚಿಕೊಂಡೇ.

ನಾನು ಖರೇ ಪ್ರಾರ್ಥನೆ ಮಾಡಿದ್ದು ಆಗಲೇ. ಬಾಯಿಂದ ಎತ್ತಿಕೊಡೋಣವೆಂದರೆ ಗಂಟಲು ಒಣಗಿ ಹಕ್ಕಿಯೂ ಓಡದಂತಾಗಿತ್ತು. ಹತ್ತು ಹೆಸರಿನ ಮೇಲಿನ ಪೆನ್ಸಿಲ್ ಗೆರೆಗಳು ಕಣ್ಣಿಗೆ ಕಟ್ಟಿದವು. ಅಷ್ಟರಲ್ಲಿ ಕೊನೆಯ ಸಾಲಿನ ಮೂಲೆಯಿಂದ, ಕೆಳಗಿನಿಂದ, ಒಂದು "ಊಂ" ಎದ್ದಿತು. ಬಾಯಿ ತೆರೆದು ಸುಮ್ಮನೆ ನಿಲ್ಲೆಂದು ಹೇಳಿಸಿಕೊಂಡಿದ್ದ ಸುವಾರ್ತಾ ಕಣ್ಣು ಮುಚ್ಚಿ, ಎರಡೂ ಕೈ ಮುಷ್ಟಿ ಕಟ್ಟಿ, ತಮ್ಮಂತೆಯೇ ಮೆಲ್ಲಗೆ ಏರಿ, ತಮ್ಮಂತೆಯೇ ಒಂದು ಕಡೆ ಬಂದು ನಿಂತಳು. ತಾವೇ ಛಾವಣಿಯ ಮೇಲೆ ಬಂದು ಕೂತಿರೇನೋ ಎಂದು ನಾನು ತಲೆ ಎತ್ತಿ ನೋಡಿದೆ. ಒಂದೇ ಸ್ವರದ ಹುಡುಗಿಯ ಆ ಒಂದು ಸ್ವರ ತಮ್ಮದಾಗಿತ್ತು. ನಾಲ್ಕು ವರ್ಷ ಅವಳು ಬಸ್ಸು ತಪ್ಪಿ ನಿಂತದ್ದಲ್ಲ, ನಾವು ಹೊರಟ ಜಾಗವನ್ನು ಬಿಡದೆ ಕಾಯುತ್ತಾ ನಿಂತಿದ್ದಳು. ಉಳಿದ ಹದಿನೇಳು ಮಕ್ಕಳು ಅಲ್ಲಿಂದ ಹಿಡಿದರು.

ಹಿಂದಿನ ಸಾಲಿನಲ್ಲಿ ಖಾಕಿ ಅಂಗಿಯ ಒಬ್ಬ ಮುದುಕರು, ತಲೆ ಬಾಗಿಸಿ ನಿಂತಿದ್ದವರು, ಬೆಂಚಿನ ಕೆಳಗೆ ಕೈ ಹಾಕಿ ಬುತ್ತಿ ಡಬ್ಬಿ ಹುಡುಕತೊಡಗಿದರು. ಅವರ ಹೆಂಡತಿ ತೋಳು ಹಿಡಿದು, "ಎಲ್ಲಿಗಿ ಹೊಂಟ್ರಿ? ಕುಂದ್ರಿ," ಎಂದರು. "ಐದಾತಲ್ಲ, ಶಿಫ್ಟ್ ಬಿಟ್ಟದ," ಎಂದ ಮುದುಕರು ಸುತ್ತ ನೋಡಿ, ನಕ್ಕು, ಕಣ್ಣೊರೆಸಿಕೊಂಡು ಕೂತರು. ಮಕ್ಕಳು ಹಾಡಿದರು. ಮೂರು ಚರಣಗಳ ಉದ್ದಕ್ಕೂ ಸುವಾರ್ತಾ ತನ್ನ ಜಾಗ ಬಿಡಲಿಲ್ಲ. ಈ ಸಲ ಯಾರಿಗೂ ಅದು ತಪ್ಪೆಂದು ಕೇಳಿಸಲಿಲ್ಲ.

ಮೊದಲ ಬಹುಮಾನ ಚಿಂಚೋಳಿಗೆ ಹೋಯಿತು, ಅದು ನ್ಯಾಯ, ಅವರು ಚೆನ್ನಾಗಿ ಹಾಡಿದರು. ಎರಡನೆಯದು ನಮಗೆ ಬಂತು. ಸಂಗೀತದ ಟೀಚರು ಎದ್ದು, "ಶ್ರುತಿ ಕೊಟ್ಟ ಕೂಸು ಯಾವುದ್ರಿ? ಪೆಟ್ಟಿಗಿ ಇಲ್ಲದ, ತಂಬೂರಿ ಇಟ್ಟಂಗ ಕಡೀತನಕ ಹಿಡದು ನಿಂತದಲ್ಲ!" ಎಂದರು. ನಾನು ಬಾಯಿ ತೆರೆಯುವ ಮೊದಲೇ ಜಗದೇವಪ್ಪನವರು ಎದ್ದು ನಿಂತು, "ನಮ್ಮ ಕೂಸ್ರಿ! ನಾವೇ ತಯಾರ ಮಾಡೀವಿ!" ಎಂದು ಸುವಾರ್ತಾಳನ್ನು ಎತ್ತಿ ಬೆಂಚಿನ ಮೇಲೆ ನಿಲ್ಲಿಸಿದರು. ಐದೂ ನಲವತ್ತರ ಗಾಡಿ ತಪ್ಪಿತು. ಅದು ನನ್ನ ಪೂರ್ತಿಯಲ್ಲದ ಸುಳ್ಳಿಗೆ ತಕ್ಕದ್ದೇ. ಸೋಮವಾರ ಜಗದೇವಪ್ಪನವರು ರಬ್ಬರು ಹಿಡಿದು ಖುದ್ದಾಗಿ ನಮ್ಮ ಮನೆಗೆ ಬಂದು ಹತ್ತೂ ಗೆರೆಗಳನ್ನು ಅಳಿಸಿದರು. ಹೊಸ ವರ್ಷದ ಹಾಜರಿಯಲ್ಲಿ ಹದಿನೆಂಟು ಹೆಸರುಗಳಿವೆ.

ಗೇಟಿಗೂ ಹೋಗಿ ಮಜೀದಸಾಬರನ್ನು, "ಇನ್ನ ನಿಮಗ ಏನಂತ ಕರೀಲಿ?" ಎಂದು ಕೇಳಿದೆ. ನಡೆದದ್ದನ್ನೆಲ್ಲ ಕೇಳಿ ನಕ್ಕು ಸಾಕಾಗಿ, "ಏನರೆ ಕರೀರಿ ಅಕ್ಕಾ, ಮೊದಲ ಚಾ ಕುಡೀರಿ," ಎಂದರು. ಆ ಚಹಾದ ಜೊತೆಯಲ್ಲೇ ತಮ್ಮ ಸುದ್ದಿ ಗೊತ್ತಾಯಿತು. ಮುಂದಿನ ತಿಂಗಳ ಒಂದನೆಯ ತಾರೀಖಿನಿಂದ ಗೇಟಿನ ಮೇಲೆ ಕರೆಂಟಿನ ಹೊಸ ಭೋಂಗಾ ಬರುತ್ತದಂತೆ, ಅದು ತಾನೇ ಹೊತ್ತು ನೋಡಿಕೊಂಡು ಕೂಗುತ್ತದಂತೆ, ತಮ್ಮನ್ನೂ ಮಜೀದಸಾಬರನ್ನೂ ಒಂದೇ ದಿನ ಕೆಳಗಿಳಿಸುತ್ತಾರಂತೆ. ಅವರಿಗೆ ಹಾರ ಹಾಕುತ್ತಾರೆ. ತಮಗೆ ಯಾರು ಹಾಕುತ್ತಾರೋ ತಿಳಿಯದು. ಆದ್ದರಿಂದಲೇ ನಾಲ್ಕು ವರ್ಷದ ಗುಟ್ಟನ್ನು ಬಿಚ್ಚಿ, ತಮ್ಮ ಹೆಸರಿಗೆ ಸಲ್ಲಬೇಕಾದದ್ದು ಸಲ್ಲಲಿ ಎಂದು, ಎಲ್ಲರೂ ಓದುವಂತೆ ಈ ಪತ್ರವನ್ನು ನಮ್ಮ ಸಭೆಯ ಗುಡಿಯ ಬಾಗಿಲಿಗೆ ಅಂಟಿಸುತ್ತಿದ್ದೇನೆ. ಸಭಾಪಾಲಕರು ಇನ್ನು ನನ್ನ ಸಮಯಪಾಲನೆಯನ್ನು ಹೊಗಳುವುದು ಬೇಡ.

ಇಷ್ಟಾದರೂ ದೂರು ದೂರೇ. ನಾಲ್ಕು ವರ್ಷ ತಮ್ಮನ್ನೇ ನೆಚ್ಚಿದ ಹದಿನೆಂಟು ಮಕ್ಕಳನ್ನು ಅಗತ್ಯದ ದಿನ ಒಂಟಿಯಾಗಿ ಬಿಟ್ಟಿರಿ. ರೈಲು ಹಳಿ ತಮ್ಮ ಕಾಲ ಕೆಳಗೇ ಹಾದುಹೋಗುತ್ತದೆ. ಸಿಮೆಂಟು ಚೀಲಗಳು ದಿನಾಲೂ ವ್ಯಾಗನ್ ಹತ್ತಿ ದೇಶ ತಿರುಗುತ್ತವೆ, ತಮಗೊಂದು ದಿನ ಶಹಾಬಾದಿಗೆ ಬರಲು ಆಗಲಿಲ್ಲವೇ? ಇದಕ್ಕೆ ಪರಿಹಾರವಾಗಿ ತಾವು ಕೆಳಗಿಳಿದ ಮೇಲೆ ಗುಜರಿಗೆ ಹೋಗದೆ ನೇರವಾಗಿ ನಮ್ಮ ಗಾನವೃಂದಕ್ಕೆ ಹತ್ತೊಂಬತ್ತನೆಯವರಾಗಿ ಸೇರಬೇಕೆಂದು ಕೋರುತ್ತೇನೆ. ಎತ್ತರ ಹೆಚ್ಚಾದ್ದರಿಂದ ಕೊನೆಯ ಸಾಲು. ಬಿಳಿ ಬಟ್ಟೆ ಹೊಲಿಯಲು ಇಮಾಮ್ಬೀ ಒಪ್ಪಿದ್ದಾರೆ, ಅಳತೆ ತೆಗೆಯಲು ಏಣಿ ಮಾತ್ರ ತಾವೇ ತರಬೇಕಂತೆ. ಚಳಿಗಾಲದಲ್ಲಿ ಮಫ್ಲರ್ ಸುತ್ತಿಕೊಂಡಿರಿ, ಅಭ್ಯಾಸದ ನಡುವೆ ನೀರು ಕೇಳಬೇಡಿ.

ಮೂವತ್ತೊಂದು ವರ್ಷಗಳಿಂದ ತಮ್ಮ ಕೂಗಳತೆಯಲ್ಲೇ ಏಳುತ್ತ, ಬುತ್ತಿ ಕಟ್ಟುತ್ತ, ಈಗ ನಾಲ್ಕು ವರ್ಷಗಳಿಂದ ಹಾಡನ್ನೂ ಹಾಡಿಸುತ್ತಿರುವ,

ತಮ್ಮ ವಿಶ್ವಾಸಿ,
ಸಾಬಮ್ಮ ಗಂಡ ದಾನಿಯೇಲಪ್ಪ

ತಾ.ಕ.: ಹೊಸ ಭೋಂಗಾ ಅವರಿಗೆ ಚಾರ್ಜ್ ವಹಿಸಿಕೊಡುವಾಗ ದಯವಿಟ್ಟು ಇಷ್ಟನ್ನು ತಿಳಿಸಬೇಕು. ಅಭ್ಯಾಸ ಶನಿವಾರ ಸಂಜೆ ಐದಕ್ಕೆ. ಮೊದಲು ಸುವಾರ್ತಾ ಎತ್ತುತ್ತಾಳೆ, ಅವರು ಅವಳನ್ನು ಕೇಳಿಸಿಕೊಂಡು ಆಮೇಲೆ ಎತ್ತಬೇಕು. ಸ್ವರ ಕೂಡದಿದ್ದರೆ ಹೆದರುವ ಕಾರಣವಿಲ್ಲ, ನಮ್ಮಲ್ಲಿ ಯಾರನ್ನೂ ಬಿಡುವ ಪದ್ಧತಿ ಇಲ್ಲ. ಕಲಿಯುವ ತನಕ ಬಾಯಿ ತೆರೆದು ಸುಮ್ಮನೆ ನಿಲ್ಲಲಿ.